ನವಾಬ್ ಹೈದರಾಲಿ ಖಾನ್ ಬಹಾದ್ದೂರರಿಗೆ ಒಂದು ಬಿನ್ನಹ

ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ವಿಶ್ರಮಿಸಿರುವ ನವಾಬ್ ಹೈದರಾಲಿ ಖಾನ್ ಬಹಾದ್ದೂರರ ಸನ್ನಿಧಾನಕ್ಕೆ, ಚಿತ್ರದುರ್ಗದ ಕೋಟೆಯ ಪರವಾಗಿ ಅರಿಕೆ ಏನೆಂದರೆ:

ಈ ಕೋಟೆಗಾಗಿ ಬಹಾದ್ದೂರರು ಪಟ್ಟ ಪಾಡೆಲ್ಲ ದಂಡ. ದಂಡು ಕಟ್ಟಿಕೊಂಡು ಮತ್ತೆ ಮತ್ತೆ ಬಂದು, ಕಡೆಗೆ 1779ರಲ್ಲಿ ಮದಕರಿ ನಾಯಕರನ್ನು ಸೆರೆಹಿಡಿದು ಒಯ್ಯುವ ಹೊತ್ತಿಗೆ ವರ್ಷಗಳೇ ಸವೆದಿದ್ದವು. ಈಗ ಭಾನುವಾರ ಬೆಳಗ್ಗೆ ಟಿಕೆಟ್ ತೆಗೆಸಿದವರು ಮಧ್ಯಾಹ್ನದ ಊಟಕ್ಕೆ ಮೊದಲೇ ಏಳು ಸುತ್ತನ್ನೂ ಗೆದ್ದು ಇಳಿಯುತ್ತಾರೆ. ಆನೆ ಓಡಿಬಂದು ಕದಕ್ಕೆ ಗುದ್ದದಂತೆ ಬಾಗಿಲಿಂದ ಬಾಗಿಲಿಗೆ ಹಾದಿಯನ್ನು ತಿರುವಿ ಕಟ್ಟಿದ್ದಾರಲ್ಲ, ಆ ತಿರುವುಗಳಲ್ಲಿ ಈಗ ರೀಲ್ಸ್ ಮಾಡುವವರ ಪಾಳಿ. ಮದ್ದು ಅರೆಯುತ್ತಿದ್ದ ನಾಲ್ಕು ಭಾರಿ ಬೀಸುಕಲ್ಲುಗಳನ್ನು ಇಣುಕಿ ನೋಡಿ, ‘ಅಬ್ಬಾ, ಇಷ್ಟು ದೊಡ್ಡ ರಾಗಿಕಲ್ಲಾ!’ ಎನ್ನುತ್ತಾರೆ.

ಫಿರಂಗಿಗೆ ಜಗ್ಗದ ಬಂಡೆಗಳೂ ಒಂದು ಮೊಳೆಗೆ ಸೋತಿವೆ. ಎರಡು ಹೆಸರು, ನಡುವೆ ಬಾಣ ನೆಟ್ಟ ಹೃದಯ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2010ರಲ್ಲಿ ಕಾನೂನು ಬಿಗಿಯಾಗಿದೆ. ಈ ಸಂಗತಿ ಬಂಡೆಗಳಿಗೆ ಮಾತ್ರ ಗೊತ್ತಿದ್ದಂತಿದೆ.

ಬಹಾದ್ದೂರರಿಗೆ ನೆನಪಿಸಬಾರದ ಜಾಗವೊಂದಿದೆ. ಆದರೂ ಹೇಳಲೇಬೇಕು: ಓಬವ್ವನ ಕಿಂಡಿ. ಒಬ್ಬೊಬ್ಬರಾಗಿ ಮೈ ಓರೆಮಾಡಿ ನುಸುಳುವಷ್ಟೇ ಸಂದು. ಅಂದು ಸೈನಿಕರು ಉಸಿರು ಬಿಗಿಹಿಡಿದು ಬಂದ ಕಡೆ ಇಂದು ಇಡೀ ಸಂಸಾರಗಳು ಕೇಕೆ ಹಾಕುತ್ತ ನುಸುಳುತ್ತವೆ. 1972ರ ‘ನಾಗರಹಾವು’ ನೋಡಿದವರಿಗೆ ಓಬವ್ವ ಎಂದರೆ ಜಯಂತಿಯೇ. ಕೋಟೆ ಎಂದರೆ ಆ ಕಿಂಡಿಯೇ. ಫೋಟೊ ಆಯಿತೋ, ಕೋಟೆಯೂ ಆಯಿತು.

ಓಬವ್ವ ಅಲ್ಲಿಗೆ ಹೋದದ್ದಾದರೂ ಏಕೆ? ಊಟಕ್ಕೆ ಬಂದ ಕಾವಲುಗಾರ ಗಂಡನಿಗೆ ನೀರು ತರಲು ಹೊರಟಾಗ ಅವಳ ಕಿವಿಗೆ ಶತ್ರುಗಳ ಪಿಸುಮಾತು ಬಿತ್ತು ಎನ್ನುತ್ತದೆ ಐತಿಹ್ಯ. ಆ ನೀರಿನ ಕತೆಯನ್ನು ಕೇಳುವವರೇ ಇಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ನಾಯಕರು ಪೋಲಾಗಲು ಬಿಡಲಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಹಾದ್ದೂರರ ಮುತ್ತಿಗೆ ತಿಂಗಳುಗಟ್ಟಲೆ ಎಳೆದದ್ದಕ್ಕೆ ಗೋಡೆಗಳಷ್ಟೇ ಈ ಹೊಂಡಗಳೂ ಕಾರಣ. ಈಗ ಅದೇ ಊರಿಗೆ ಸೂಳೆಕೆರೆಯಿಂದ, ವಾಣಿವಿಲಾಸ ಸಾಗರದಿಂದ ಕೊಳವೆಯಲ್ಲಿ ನೀರು ಬರಬೇಕು. ಕೋಟೆ ಹತ್ತುವವರೋ ಬಾಟಲಿ ನೀರು ಕುಡಿದು, ಖಾಲಿ ಬಾಟಲಿಯನ್ನು ಹೊಂಡದ ಪಾಲಿಗೆ ಬಿಡುತ್ತಾರೆ.

ಆದಕಾರಣ ಬಹಾದ್ದೂರರು ದಯಮಾಡಿ ಇನ್ನೊಂದೇ ಒಂದು ಮುತ್ತಿಗೆ ಹಾಕಬೇಕು. ಕಿಂಡಿಯಿಂದಲೇ ವಾಪಸಾಗುವವರನ್ನು ಅಡ್ಡಗಟ್ಟಿ, ಗೋಪಾಲಸ್ವಾಮಿ ಹೊಂಡದವರೆಗೆ ನಡೆಸಿ, ನೀರು ಹರಿಯುವ ದಾರಿ ತೋರಿಸಿ, ಅವರ ಬಾಟಲಿಗಳನ್ನು ಅವರ ಕೈಯಲ್ಲೇ ಕೆಳಗೆ ಹೊರಿಸಬೇಕಾಗಿ ವಿನಂತಿ.