ಬೀಗದ ಕೈ ನಿಮಗೆ, ಬೀಗ ಬಾಯಿಗೆ

‘ಸದರಿ ಫ್ಲ್ಯಾಟನ್ನು ಖುದ್ದು ಪರಿಶೀಲಿಸಿದ್ದೇನೆ, ಎಲ್ಲವೂ ತೃಪ್ತಿಕರವಾಗಿದೆ, ಮುಂದೆ ನನ್ನದೇನೂ ತಕರಾರಿಲ್ಲ’ ಎಂಬ ಕಾಗದಕ್ಕೆ ಬೆಂಗಳೂರಿನ ಗೃಹಸ್ಥ ಸಹಿ ಹಾಕುವುದು ಬಿಲ್ಡರನ ಎಸಿ ಕಚೇರಿಯಲ್ಲಿ ಕೂತು. ಫ್ಲ್ಯಾಟ್ ಇರುವುದು ಹನ್ನೆರಡನೇ ಮಹಡಿಯಲ್ಲಿ. ಲಿಫ್ಟ್ ಇನ್ನೂ ಓಡುತ್ತಿಲ್ಲ. ‘ಸಹಿ ಹಾಕಿ ಸಾರ್, ಕೀ ತಗೊಂಡು ಆಮೇಲೆ ನಿಧಾನಕ್ಕೆ ನೋಡ್ಕೊಳ್ಳಿ’ ಎನ್ನುತ್ತಾನೆ ಟೈ ಕಟ್ಟಿದ ಹುಡುಗ. ನೋಡಿಯೇ ಸಹಿ ಹಾಕ್ತೀನಿ ಅಂದಿರೋ, ಅವನ ಮುಖ ಬಾಡಿಹೋಗುತ್ತದೆ. ಕೊನೆಯ ಕಂತು ಕಟ್ಟಿಯಾಯಿತು, ಮೇಂಟೆನೆನ್ಸ್ ಮುಂಗಡವೂ ಸಂದಾಯವಾಯಿತು. ಇನ್ನು ನೋಡುವುದೇನಿದೆ?

ನಾವೇನೂ ನೋಡೇ ಇಲ್ಲ ಅನ್ನುವ ಹಾಗಿಲ್ಲ. ಸ್ಯಾಂಪಲ್ ಫ್ಲ್ಯಾಟನ್ನು ಕಣ್ತುಂಬ ನೋಡಿರುತ್ತೇವೆ. ಅಲ್ಲಿ ಕೋಣೆಗಳಿಗೆ ಬಾಗಿಲಿಲ್ಲ, ಕನ್ನಡಿಯಿಲ್ಲದ ಗೋಡೆಯಿಲ್ಲ, ಮಂಚವೋ ಕಾಲು ಚಾಚುವವರಿಗಾಗಿ ಮಾಡಿದ್ದಲ್ಲ. ನಮ್ಮದೇ ಮನೆಯನ್ನೂ ಒಮ್ಮೆ ನೋಡಿರುತ್ತೇವೆ, ವಾಸ್ತು ಪಂಡಿತರ ಜೊತೆ. ಅವರು ದಿಕ್ಸೂಚಿ ಹಿಡಿದು ಸುತ್ತಿ, ಈಶಾನ್ಯದಲ್ಲಿ ಶೌಚಾಲಯವಿಲ್ಲವೆಂದು ಸರ್ಟಿಫಿಕೇಟ್ ಕೊಟ್ಟು, ದಕ್ಷಿಣೆ ಇಸಿದುಕೊಂಡು ಹೊರಟರು. ಶೌಚಾಲಯದಲ್ಲಿ ಸುರಿದ ನೀರು ಹೊರಗೆ ಹೋಗುತ್ತದೆಯೇ ಎಂಬುದು ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಅದನ್ನು ತಿಳಿಯಲು ಬೇಕಾದದ್ದು ಒಂದು ಬಕೆಟ್, ಒಂದು ನಾಣ್ಯ, ಒಂದು ಮೊಬೈಲ್ ಚಾರ್ಜರ್. ಬಾತ್‌ರೂಮಿನಲ್ಲಿ ಬಕೆಟ್ ನೀರು ಸುರಿದು ಸುಮ್ಮನೆ ನಿಂತುಕೊಳ್ಳಿ. ನೀರು ಜಾಲರಿಯ ಕಡೆ ತಿರುಗದೆ ಬಾಗಿಲ ಕಡೆ ಹೊರಟಿತೆಂದರೆ ಮೇಸ್ತ್ರಿ ಇಳಿಜಾರನ್ನು ನಿಮ್ಮ ಹಾಲಿಗೆ ಬರೆದುಕೊಟ್ಟಿದ್ದಾನೆ. ಟೈಲ್ಸಿನ ಮೇಲೆ ನಾಣ್ಯದಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆಯಿಲ್ಲ, ಗಾಳಿಯಿದೆ. (ಆ ಗಾಳಿಗೂ ನೀವು ಚದರಡಿ ಲೆಕ್ಕದಲ್ಲೇ ದುಡ್ಡು ಕೊಟ್ಟಿದ್ದೀರಿ.) ಚಾರ್ಜರ್ ಹಿಡಿದು ಒಂದೊಂದೇ ಸಾಕೆಟ್ಟಿಗೆ ಚುಚ್ಚಿದರೆ, ಕೆಲವನ್ನು ಗೋಡೆಯ ಅಂದಕ್ಕೆಂದೇ ಕೂರಿಸಿರುವುದು ತಿಳಿಯುತ್ತದೆ.

ಸೋರಿಕೆ ಕಾಣಬೇಕಾದರೆ ಮಾತ್ರ ಮಳೆ ಬಂದ ಮರುದಿನ ಹೋಗಬೇಕು. ಹೋಗುವವರು ಯಾರು? ಮುಂಗಾರು ಕಾಲೂರುವ ಹೊತ್ತಿಗೆ ಆಷಾಢ, ಮನೆಯ ಸುದ್ದಿ ಬೇಡ. ಬೆಂಗಳೂರಿಗೆ ನಿಜವಾದ ಮಳೆ ಸುರಿಯುವ ಸೆಪ್ಟೆಂಬರಿನಲ್ಲಿ ಪಿತೃಪಕ್ಷ, ಸುತರಾಂ ಬೇಡ. ಬಿಲ್ಡರುಗಳೇ ಕೂತು ಪಂಚಾಂಗ ಬರೆಸಿದ್ದರೂ ಇಷ್ಟು ಅನುಕೂಲ ಮಾಡಿಕೊಳ್ಳಲಾಗುತ್ತಿರಲಿಲ್ಲ. ಕೀ ಇಸಿದುಕೊಳ್ಳುವುದು ಅಕ್ಷಯ ತೃತೀಯದಂದು, ಗೋಡೆಗಳೆಲ್ಲ ಕಾದು ಬೆಳ್ಳಗೆ ಒಣಗಿರುವಾಗ.

ಹಾಗಂತ ಕಾನೂನು ಕಣ್ಣುಮುಚ್ಚಿ ಕೂತಿಲ್ಲ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಕೀ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡುಬಂದು ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಆದರೆ ತಿಳಿಸಲು ಹೋದಾಗ ಫೈಲಿನಿಂದ ಹೊರಬರುವುದು ಅದೇ ‘ಎಲ್ಲವೂ ತೃಪ್ತಿಕರ’. ಕಾಯ್ದೆಯ ಮುಂದೆ ಆ ಕಾಗದ ನಿಲ್ಲುತ್ತದೋ ಬಿಡುತ್ತದೋ, ನಿಮ್ಮನ್ನು ಒಂದು ವರ್ಷ ಅಲೆದಾಡಿಸುವುದಕ್ಕೆ ಸಾಕು. ಇನ್ನು ಓಸಿ, ಅಂದರೆ ವಾಸಕ್ಕೆ ಬೇಕಾದ ಆಕ್ಯುಪೆನ್ಸಿ ಸರ್ಟಿಫಿಕೇಟ್, ಬಂತಾ ಎಂದರೆ ‘ಅಪ್ಲೈ ಮಾಡಿದೀವಿ ಸಾರ್’. ಓಸಿ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಬಿಲ್ಡರನ ಬಳಿ ಅದಕ್ಕೂ ಉತ್ತರವುಂಟು: ಜನರೇಟರು ಮತ್ತು ಟ್ಯಾಂಕರು. ಬಿಲ್ಲು ನಿಮ್ಮ ಹೆಸರಿಗೆ.

ಕೊನೆಗೊಂದು ದಿನ ಮಳೆ ಬಂತು. ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ಬೂಷ್ಟು ಹಿಡಿದ ಸೀಲಿಂಗಿನ ಫೋಟೊ ಹಾಕಿದ. ಎರಡೇ ನಿಮಿಷಕ್ಕೆ ಬುದ್ಧಿಮಾತು ಶುರು: ‘ಡಿಲೀಟ್ ಮಾಡಿ ಸಾರ್, ಗ್ರೂಪಲ್ಲಿ ಬಾಡಿಗೆಯವರೂ ಇದಾರೆ. ಹೊರಗೆ ಗೊತ್ತಾದ್ರೆ ರೀಸೇಲ್ ವ್ಯಾಲ್ಯೂ ಹೋಗುತ್ತೆ.’ ಮಾತು ಮನಸ್ಸಿಗೆ ನಾಟಿತು. ಫೋಟೊ ಅಳಿಸಿದ, ಪುಟ್ಟಿ ಹಚ್ಚಿಸಿದ, ಮೇಲೊಂದು ಕೋಟ್ ಬಣ್ಣ ಬಳಿಸಿ ‘ಮಾರಾಟಕ್ಕಿದೆ’ ಎಂದು ಜಾಹೀರಾತು ಕೊಟ್ಟ. ನೋಡಲು ಬಂದವರು ಬೇರೇನನ್ನೂ ಕೇಳಲಿಲ್ಲವಂತೆ, ಪೇಂಟಿನ ಕಂಪನಿ ಯಾವುದು ಎಂಬುದೊಂದನ್ನು ಬಿಟ್ಟು.