ಮುಂದಿನ ಆದೇಶ ಇನ್ನೂ ಹುಟ್ಟಿಲ್ಲ: ಪ್ರಭಾರ ಆದೇಶದ ಸಂದರ್ಶನ

ಸರ್ಕಾರಿ ಕಚೇರಿಯಲ್ಲಿ ಒಬ್ಬರು ನಿವೃತ್ತರಾದರೆ ಕುರ್ಚಿ ಖಾಲಿಯಾಗುತ್ತದೆ, ಕೆಲಸ ಖಾಲಿಯಾಗುವುದಿಲ್ಲ. ಆ ಕೆಲಸವನ್ನು ಪಕ್ಕದ ಮೇಜಿಗೆ ದಾಟಿಸುವ ಹಾಳೆಯೇ ಪ್ರಭಾರ ಆದೇಶ. ಬಡ್ತಿಯ ಹೊರೆಯೆಲ್ಲ ಇದ್ದು ಬಡ್ತಿಯೊಂದೇ ಇಲ್ಲದ ಈ ಕಾಗದ, ‘ಹಾಲಿ ಕರ್ತವ್ಯದ ಜೊತೆಗೆ’ ಮಾತ್ರ ಮಾತಾಡುವೆನೆಂಬ ಷರತ್ತಿನ ಮೇಲೆ ಸಂದರ್ಶನಕ್ಕೆ ಒಪ್ಪಿತು.

ಪ್ರಶ್ನೆ: ತಮ್ಮ ಆಯುಸ್ಸು ಎಷ್ಟು?

ಆದೇಶ: ಮುಂದಿನ ಆದೇಶದವರೆಗೆ. ಅದು ಇನ್ನೂ ಹುಟ್ಟಿಲ್ಲವಾದ್ದರಿಂದ ನಾನು ಸಾಯುವಂತಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಗಳ (ಕೆಸಿಎಸ್‌ಆರ್) 32ನೇ ನಿಯಮ ನನ್ನ ಹೆತ್ತಮ್ಮ. ಬಡ್ತಿ ಕೊಡದೆಯೇ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ಕೊಡಲು ಅಲ್ಲಿ ದಾರಿಯಿದೆ. ಭತ್ಯೆಯ ಮಾತು 68ನೇ ನಿಯಮದಲ್ಲಿದೆ. ನನ್ನನ್ನು ಟೈಪ್ ಮಾಡುವವರು ಅಷ್ಟು ದೂರ ಓದುವುದು ಅಪರೂಪ.

ಪ್ರಶ್ನೆ: ದುಡಿದವರಿಗೆ ಏನು ಸಿಗುತ್ತದೆ?

ಆದೇಶ: ಅನುಭವ. ದುಡ್ಡಿನ ವಿಷಯ ಕೇಳುವುದಾದರೆ ಕೇಂದ್ರದಲ್ಲಿರುವ ನನ್ನ ದಾಯಾದಿಯನ್ನು, ಎಫ್‌ಆರ್ 49 ಎಂಬ ಮೂಲ ನಿಯಮವನ್ನು, ನೋಡಿ. ಅದೇ ಕಚೇರಿಯ, ಆದರೆ ತಮ್ಮ ಬಡ್ತಿಯ ಸಾಲಿನಲ್ಲಿಲ್ಲದ ಇನ್ನೊಂದು ಹುದ್ದೆಯ ಪೂರ್ಣ ಪ್ರಭಾರ 45 ದಿನ ಮೀರಿದರೆ, 3 ತಿಂಗಳವರೆಗೆ, ಆ ಹುದ್ದೆಯ ಅಂದಾಜು ವೇತನದ ಹೆಚ್ಚೆಂದರೆ ಶೇ 10ರಷ್ಟು ಹೆಚ್ಚುವರಿ ವೇತನವುಂಟು. ‘ದೈನಂದಿನ ಕರ್ತವ್ಯಗಳ ಪ್ರಭಾರ’ ಎಂದು ಬರೆದರೆ ಎಷ್ಟೇ ವರ್ಷ ದುಡಿದರೂ ಬಿಡಿಗಾಸಿಲ್ಲ.

ಇಲ್ಲಿ ಸಂದರ್ಶಕನ ಮಾತಿಗೂ ಸ್ವಲ್ಪ ಜಾಗ ಬೇಕು. ಕೂಲಿಯನ್ನು ನಿರ್ಧರಿಸುವುದು ಎಷ್ಟು ಕೆಲಸ ಮಾಡಿದಿರಿ ಎಂಬುದಕ್ಕಿಂತ ಆದೇಶದಲ್ಲಿ ಯಾವ ಪದ ಬಿತ್ತು ಎಂಬುದು. ನ್ಯಾಯಾಲಯಗಳ ತೀರ್ಪುಗಳೂ ಇದನ್ನೇ ತೋರಿಸುತ್ತವೆ. ಕೆಳಹುದ್ದೆಯವರಿಂದ ಮೇಲಿನ ಹುದ್ದೆಯ ಕೆಲಸ ಮಾಡಿಸಿದ ಮಾತ್ರಕ್ಕೆ ಅದು ಬಡ್ತಿಯಾಗದು, ಅವರಿಗೆ ಪ್ರಭಾರ ಭತ್ಯೆಯಷ್ಟೇ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1998ರಲ್ಲಿ ಚಂಡೀಗಢ ಆಡಳಿತದ ನೌಕರರೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ತಾತ್ಕಾಲಿಕವಾಗಿಯಾದರೂ ಬಡ್ತಿ ಕೊಟ್ಟು ದುಡಿಸಿಕೊಂಡ ಮೇಲೆ ಆ ಹುದ್ದೆಯ ವೇತನ ಕೊಡಲೇಬೇಕು, ‘ಹೆಚ್ಚಿನ ವೇತನ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಮುಚ್ಚಳಿಕೆ ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು. ಎರಡೂ ಕಡೆ ಬೆವರು ಒಂದೇ, ಕಾಗದ ಬೇರೆ. ಹಾಗಾಗಿ ಚೌಕಾಸಿ ನಡೆಯಬೇಕಾದುದು ಆದೇಶ ಟೈಪಾಗುವ ಹೊತ್ತಿನಲ್ಲಿ. ನಿವೃತ್ತಿಯ ಹಿಂದಿನ ವರ್ಷ ಹಿಂಬಾಕಿಗಾಗಿ ಮನವಿ ಹಿಡಿದು ಓಡಾಡುವಾಗ ಅದು ಕೈಗೂಡುವುದು ಕಷ್ಟ.

ಪ್ರಶ್ನೆ: ಸರ್ಕಾರಿ ನೌಕರ ಆದೇಶವನ್ನು ನಿರಾಕರಿಸುವಂತಿಲ್ಲ. ಮತ್ತೆ ಚೌಕಾಸಿ ಎಲ್ಲಿಂದ ಬಂತು?

ಆದೇಶ: ನಿರಾಕರಿಸಬೇಡಿ, ನನಗೇ ಅವಮಾನ. ಆದರೆ ‘ಸ್ವತಂತ್ರ ಪ್ರಭಾರವೋ, ದೈನಂದಿನ ಕರ್ತವ್ಯವೋ? ಯಾವ ನಿಯಮದಡಿ? ಎಂದಿನವರೆಗೆ?’ ಎಂದು ಕೇಳಿದರೆ ಯಾವ ನಡತೆ ನಿಯಮವೂ ಮುರಿಯುವುದಿಲ್ಲ. ಕೇಳದಿರಲಿ ಎಂದೇ ನನ್ನ ಕೊನೆಗೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಸೇರಿಸುವುದು. ಆ ಮಾತು ಕಂಡೊಡನೆ ಎಲ್ಲರಿಗೂ ನಾಚಿಕೆಯಾಗುತ್ತದೆ.

ಆ ನಾಚಿಕೆಗೆ ಅರ್ಥವಿಲ್ಲ. ಎರಡು ಹುದ್ದೆಯ ಕಡತಗಳು ಒಂದೇ ಮೇಜಿನಲ್ಲಿ ಕೊಳೆತರೆ ಕೆಡುವುದು ಸಾರ್ವಜನಿಕರ ಹಿತವೇ. ‘ಪ್ರಭಾರದ ಅನುಭವ ಮುಂದೆ ಬಡ್ತಿಗೆ ನೆರವಾಗುತ್ತದೆ’ ಎನ್ನುವವರಿದ್ದಾರೆ. ಆದರೆ ಬಡ್ತಿ ನಡೆಯುವುದು ಜ್ಯೇಷ್ಠತೆ, ಅರ್ಹತೆ, ಖಾಲಿ ಹುದ್ದೆಗಳ ಲೆಕ್ಕದಲ್ಲಿ. ಪ್ರಭಾರದಿಂದ ಆ ಹುದ್ದೆಯ ಮೇಲೆ ಹಕ್ಕು ಬರುವುದಿಲ್ಲ. ಕೇಳಿದವರ ಮೇಲೆ ಸಾಹೇಬರ ಕಣ್ಣು ಬೀಳುತ್ತದೆ ಎಂಬ ಅಳುಕು ಮಾತ್ರ ಸುಳ್ಳಲ್ಲ, ಮೌಖಿಕವಾಗಿ ಕೇಳಿದರೆ ಜಗಳಗಂಟ ಎಂಬ ಹೆಸರೂ ಬರಬಹುದು. ಸ್ಪಷ್ಟೀಕರಣ ಕೋರಿದ ಪತ್ರಕ್ಕೆ ಆ ಅಪಾಯ ಕಡಿಮೆ, ಏಕೆಂದರೆ ಕಚೇರಿಗೆ ಅರ್ಥವಾಗುವ ಭಾಷೆಯೇ ಪತ್ರ.

ಪ್ರಶ್ನೆ: ಕೊನೆಯದಾಗಿ, ತಮಗೆ ಯಾವುದರ ಭಯ?

ಆದೇಶ: ದಿನಾಂಕದ್ದು. ‘ಇಂಥ ತಾರೀಖಿನವರೆಗೆ’ ಎಂದು ಬರೆದ ದಿನ ನನ್ನ ಕಥೆ ಮುಗಿಯಿತು, ಹುದ್ದೆ ತುಂಬಲೇಬೇಕಾಗುತ್ತದೆ.

ನಿಮ್ಮ ಮೇಜಿಗೂ ಇಂಥ ಹಾಳೆ ಬಂದಿದ್ದರೆ ಪ್ರಭಾರ ವಹಿಸಿಕೊಂಡ ಪತ್ರಕ್ಕೆ ಸಹಿ ಹಾಕಿ, ಅದೇ ದಿನ ನಿಯಮವನ್ನೂ ಅವಧಿಯನ್ನೂ ತಿಳಿಸುವಂತೆ ಕೋರಿ ಪತ್ರ ಕೊಡಿ. ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.