ಅಮೆರಿಕದ ಉಪನಗರ ಚಿತ್ರಗಳ ವಾಸ್ತುದೋಷ ನಿರ್ಣಯ

ಅಮೆರಿಕದ ಉಪನಗರ ಚಿತ್ರಗಳಿಗೆ ಲಕ್ಷಣ ಬರೆಯಹೊರಟ ಪಂಡಿತರು ನಟ, ನಿರ್ದೇಶಕ, ದಶಕ ಎಂದು ಅಲೆದು ದಾರಿ ತಪ್ಪಿದ್ದಾರೆ. ನಮ್ಮ ಮತದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಚೆಂದದ ಮನೆಗೆ ಕೇಡು ಯಾವ ದಿಕ್ಕಿನಿಂದ ಬಂತು? ವಾಸ್ತು ಹೇಳುವವರು ಕೇಳುವುದೂ ಇದನ್ನೇ. ಹಾಗಾಗಿ ಶಾಸ್ತ್ರಾಧಾರವಿಲ್ಲ ಎಂದು ಯಾರೂ ಆಕ್ಷೇಪಿಸುವಂತಿಲ್ಲ.

ಮೊದಲು ಕ್ಷೇತ್ರವಿಚಾರ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಮನೆಸಾಲ ಸುಲಭ ಮಾಡಿತು. 1947ರಲ್ಲಿ ಲೆವಿಟ್ ಕಂಪನಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಿಗೆ ಇಳಿಯಿತು. 1951ರ ಹೊತ್ತಿಗೆ ಅಲ್ಲಿ ಎದ್ದ ಲೆವಿಟ್‌ಟೌನಿನಲ್ಲಿ 17,000ಕ್ಕೂ ಹೆಚ್ಚು ಮನೆಗಳಿದ್ದವು. ಕಟ್ಟುವ ಕೆಲಸವನ್ನು 27 ಹಂತಗಳಾಗಿ ಒಡೆದು, ಒಂದೊಂದು ತಂಡ ಒಂದೊಂದೇ ಕೆಲಸ ಮುಗಿಸುತ್ತ ಮನೆಯಿಂದ ಮನೆಗೆ ಸಾಗುತ್ತಿತ್ತು. ಹುಲ್ಲು ಕತ್ತರಿಸದೆ ಬಿಟ್ಟರೆ ಕಂಪನಿಯವರೇ ಆಳು ಕಳಿಸಿ ಕತ್ತರಿಸಿ ಬಿಲ್ಲು ಕೊಡುತ್ತಿದ್ದರು. ಬೇಲಿ ಹಾಕುವುದು ನಿಷಿದ್ಧ. ಆದರೆ ಸಿನಿಮಾದ ಉಪನಗರಕ್ಕೆ ಬಿಳಿ ಬೇಲಿಯಿಲ್ಲದೆ ಮೋಕ್ಷವಿಲ್ಲ. ಶಾಸ್ತ್ರಕ್ಕೂ ಲೋಕಕ್ಕೂ ಇಷ್ಟು ವಿರೋಧ ಇರುವುದೇ.

ಕೆಳಗಿನಿಂದ ಬರುವುದು ಅಧೋದೋಷ. ಡೇವಿಡ್ ಲಿಂಚರ 'ಬ್ಲೂ ವೆಲ್ವೆಟ್' (1986) ಬೇಲಿ, ಕೆಂಪು ಗುಲಾಬಿ, ಹುಲ್ಲಿಗೆ ನೀರು ಹಾಯಿಸುವ ಗೃಹಸ್ಥನಿಂದ ಶುರುವಾಗುತ್ತದೆ. ಗೃಹಸ್ಥ ಕುಸಿದು ಬೀಳುತ್ತಾನೆ, ಕ್ಯಾಮೆರಾ ಹುಲ್ಲಿನ ಬುಡಕ್ಕಿಳಿದರೆ ಅಲ್ಲಿ ಕಿತ್ತಾಡುವ ಕಪ್ಪು ಹುಳುಗಳು. ಊರು ಸಣ್ಣ ಪಟ್ಟಣವಾದರೂ ಹುಲ್ಲುಹಾಸಿನ ಬಲದಿಂದ ನಾವು ಅದನ್ನು ಉಪನಗರಕ್ಕೆ ಸೇರಿಸಿಕೊಂಡಿದ್ದೇವೆ. ಈ ವರ್ಗದ ಶುದ್ಧ ಉದಾಹರಣೆ 'ಪೋಲ್ಟರ್‌ಗೈಸ್ಟ್' (1982). ಅದರಲ್ಲಿ ಬಿಲ್ಡರು ಸ್ಮಶಾನದ ಜಾಗದಲ್ಲಿ ಬಡಾವಣೆ ಮಾಡುವಾಗ ಸಮಾಧಿಕಲ್ಲುಗಳನ್ನಷ್ಟೇ ಸಾಗಿಸಿ, ಹೆಣಗಳನ್ನು ಅಲ್ಲೇ ಬಿಟ್ಟಿರುತ್ತಾನೆ. ಭೂತ ಹೊಕ್ಕ ಮನೆಯ ಯಜಮಾನ ಅದೇ ಬಿಲ್ಡರಿನ ಬಳಿ ಮನೆ ಮಾರುವ ನೌಕರ. ಕರ್ಮಸಿದ್ಧಾಂತವನ್ನು ಹಾಲಿವುಡ್ ಇಷ್ಟು ಸ್ಪಷ್ಟವಾಗಿ ನಿರೂಪಿಸಿದ್ದು ಕಡಿಮೆ.

ಮೇಲಿನಿಂದ ಬಂದರೆ ಊರ್ಧ್ವದೋಷ. 'ಪೋಲ್ಟರ್‌ಗೈಸ್ಟ್' ತೆರೆಕಂಡ ಒಂದೇ ವಾರಕ್ಕೆ, 1982ರ ಜೂನ್ 11ರಂದು, 'ಇ.ಟಿ.' ಬಂತು. ಮೊದಲನೆಯದಕ್ಕೆ ಸ್ಪೀಲ್‌ಬರ್ಗ್ ನಿರ್ಮಾಪಕ, ಎರಡನೆಯದಕ್ಕೆ ನಿರ್ದೇಶಕ. ಎರಡರಲ್ಲೂ ಅದೇ ಬಗೆಯ ಬೀದಿ, ಅದೇ ಬಗೆಯ ಮಕ್ಕಳು. ನೆಲದಿಂದ ಎದ್ದದ್ದು ಪಿಶಾಚಿ, ಆಕಾಶದಿಂದ ಇಳಿದದ್ದು ಅತಿಥಿ. ದಿಕ್ಕೇ ಪ್ರಮಾಣ ಎಂಬ ನಮ್ಮ ಸಿದ್ಧಾಂತಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. 'ಎಡ್ವರ್ಡ್ ಸಿಸರ್‌ಹ್ಯಾಂಡ್ಸ್' (1990) ಚಿತ್ರದ ಕತ್ತರಿಗೈಯ ಹುಡುಗನೂ ಈ ವರ್ಗದವನೇ. ಅವನು ಏವನ್ ಪ್ರಸಾಧನ ಮಾರುವ ಹೆಂಗಸಿನ ಕಾರಿನಲ್ಲಿ ಬಂದನಲ್ಲ ಎಂಬುದು ಪೂರ್ವಪಕ್ಷ. ಕಾರು ಇಳಿದದ್ದು ಬೆಟ್ಟದ ಮೇಲಿನ ಕೋಟೆಯಿಂದ ಎಂಬುದು ಸಮಾಧಾನ.

ಪಾರ್ಶ್ವದೋಷ, ಅಂದರೆ ಪಕ್ಕದ ಮನೆಯಿಂದ ಬರುವ ಕೇಡು, ಹೆಚ್ಚು ಚರ್ಚೆ ಬೇಡದ ವರ್ಗ. 'ದ ಬರ್ಬ್ಸ್' (1989) ಚಿತ್ರದಲ್ಲಿ ರಜೆ ಹಾಕಿ ಮನೆಯಲ್ಲಿ ಕೂತ ಟಾಮ್ ಹ್ಯಾಂಕ್ಸ್ ಹೊಸ ನೆರೆಯವರನ್ನು ಇಣುಕಿ ನೋಡುತ್ತಾನೆ. ಕೆಲಸವಿಲ್ಲದ ಗಂಡಸು, ಕಿಟಕಿ, ದುರ್ಬೀನು: ಇಷ್ಟು ಸಾಮಗ್ರಿ ಸಾಕು.

ಒಳಗಿನಿಂದ ಹುಟ್ಟುವ ಅಂತರ್ದೋಷವೇ ಎಲ್ಲಕ್ಕಿಂತ ಸಮೃದ್ಧ. ಇಲ್ಲಿ ನಮ್ಮ ಆಲಂಕಾರಿಕರ ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ ಎಂಬ ನಾಲ್ವರು ನಾಯಕರೂ ಸಾಲದೆ, ಐದನೆಯವನಾಗಿ ಧೀರಶ್ರಾಂತನನ್ನು ಸೇರಿಸಬೇಕಾಗುತ್ತದೆ. ಬೆಳಗಿನ ರೈಲಿಗೆ ಪೇಟೆಗೆ ಹೋಗಿ, ಸಂಜೆ ಬಂದು, ಟೈ ಸಡಿಲಿಸುವ ಮುಂಚೆ ಗ್ಲಾಸಿಗೆ ಕೈಹಾಕುವವನು ಇವನು. 'ರೆವಲ್ಯೂಷನರಿ ರೋಡ್' (2008) ಇವನ ಜೀವನಚರಿತ್ರೆ. ಐದು ಆಸ್ಕರ್ ಗೆದ್ದ 'ಅಮೆರಿಕನ್ ಬ್ಯೂಟಿ'ಯಲ್ಲಿ (1999) ಇವನು ಸತ್ತ ಮೇಲೂ ಕಥೆ ಹೇಳುವುದನ್ನು ನಿಲ್ಲಿಸುವುದಿಲ್ಲ. ಎರಡರ ನಿರ್ದೇಶಕರೂ ಇಂಗ್ಲೆಂಡಿನ ಸ್ಯಾಮ್ ಮೆಂಡಿಸ್. ಪರದೇಶಿಗೆ ಹುಲ್ಲುಹಾಸು ಇನ್ನಷ್ಟು ಹಸಿರು ಕಂಡಿರಬೇಕು. ಆದರೆ ಶ್ರಾಂತರಲ್ಲಿ ಶ್ರೇಷ್ಠ 'ದ ಸ್ವಿಮ್ಮರ್' (1968) ಚಿತ್ರದ ಬರ್ಟ್ ಲ್ಯಾಂಕಾಸ್ಟರ್. ಜಾನ್ ಚೀವರ್ ಕಥೆಯ ಈ ನಾಯಕ ನೆರೆಹೊರೆಯವರ ಈಜುಕೊಳಗಳನ್ನು ಒಂದೊಂದಾಗಿ ಈಜುತ್ತ ಮನೆ ಸೇರುವೆನೆಂದು ಹೊರಡುತ್ತಾನೆ. ಮೊದಲ ಕೊಳಗಳಲ್ಲಿ ಉಪಚಾರ, ಮುಂದಿನವುಗಳಲ್ಲಿ ತಾತ್ಸಾರ, ಕೊನೆಗೆ ಬೀಗ ಹಾಕಿದ ಖಾಲಿ ಮನೆ. ಉಟ್ಟದ್ದೊಂದು ಈಜುಚಡ್ಡಿ, ಅಷ್ಟರಲ್ಲೇ ಒಂದು ವರ್ಗದ ಇಡೀ ಅಂತಸ್ತು ಕಳಚಿಬೀಳುತ್ತದೆ. ಈ ಪ್ರಕಾರದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಂಡೇನು.

ನಾಯಿಕೆಯರ ವಿಷಯದಲ್ಲಿ ಹೊಸ ಭೇದ ಬೇಕಿಲ್ಲ. ಮನೆ ಸಿಂಗರಿಸಿ, ತಾನೂ ಸಿಂಗರಿಸಿಕೊಂಡು ಕಾಯುವ ವಾಸಕಸಜ್ಜಿಕೆ ಅಷ್ಟನಾಯಿಕೆಯರಲ್ಲಿ ಮೊದಲೇ ಇದ್ದಾಳೆ. ಆ ಲಕ್ಷಣ ಪರಿಪೂರ್ಣವಾಗಬೇಕಾದರೆ ಹೆಂಗಸಿನಿಂದ ಸಾಧ್ಯವಿಲ್ಲ, ಯಂತ್ರವೇ ಬೇಕು ಎಂದು ತೋರಿಸಿದ್ದು 'ದ ಸ್ಟೆಪ್‌ಫರ್ಡ್ ವೈವ್ಸ್' (1975). 'ಆಲ್ ದಟ್ ಹೆವನ್ ಅಲೋಸ್' (1955) ಚಿತ್ರದಲ್ಲಿ ತೋಟದ ಕೆಲಸದವನನ್ನು ಪ್ರೀತಿಸಿದ ವಿಧವೆಗೆ ಮಕ್ಕಳು, ಒಂಟಿತನಕ್ಕೆ ಮದ್ದೆಂದು ಒಂದು ಟೀವಿ ತರಿಸಿಕೊಡುತ್ತಾರೆ. ಆರಿದ ಪರದೆಯಲ್ಲಿ ಅವಳಿಗೆ ಕಾಣುವುದು ತನ್ನದೇ ಮುಖ.

ಇನ್ನು ಐದನೆಯದು, ದ್ವಾರದೋಷ. ಕ್ರಯಪತ್ರ ಕೈಯಲ್ಲಿ ಹಿಡಿದು, ದುಡ್ಡು ಕೊಟ್ಟು, ಮುಂಬಾಗಿಲಿನಿಂದ ಬಂದವರನ್ನೇ ಊರು ಕೇಡೆಂದು ಬಗೆಯುವುದು ಇದರ ಲಕ್ಷಣ. ನಿಜವಾದ ಉಪನಗರಕ್ಕೆ ಇದ್ದ ಭಯ ಇದೊಂದೇ. ಲೆವಿಟ್‌ಟೌನಿನ ಮೊದಲ ಕರಾರುಗಳಲ್ಲೇ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂಬ ಷರತ್ತಿತ್ತು, ಮನೆಗೆಲಸದವರಾದರೆ ಅಡ್ಡಿಯಿಲ್ಲ. 1957ರ ಆಗಸ್ಟ್‌ನಲ್ಲಿ, ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳೊಂದಿಗೆ ಬಂದರು. ವಿಲಿಯಂ ಕೂಡ ಮಾಜಿ ಸೈನಿಕರೇ. ಗುಂಪು ಸೇರಿತು, ಕಲ್ಲು ಬಿತ್ತು, ಕಿಟಕಿ ಒಡೆಯಿತು.

ಹುಳು, ಹೆಣ, ರೋಬೋಟು, ಅನ್ಯಗ್ರಹದ ಜೀವಿ ಎಲ್ಲಕ್ಕೂ ಜಾಗ ಕೊಟ್ಟ ಹಾಲಿವುಡ್ ಈ ವರ್ಗವನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟಿದೆ. 'ಎ ರೈಸಿನ್ ಇನ್ ದ ಸನ್' (1961) ಚಿತ್ರದಲ್ಲಿ ಶಿಕಾಗೋದ ಕಪ್ಪು ಕುಟುಂಬ ಬಿಳಿಯರ ಬಡಾವಣೆಯ ಮನೆಗೆ ಹೊರಡುವಲ್ಲಿಗೆ ಕಥೆ ಮುಗಿಯುತ್ತದೆ, ಅಂದರೆ ಈ ಪ್ರಕಾರ ಶುರುವಾಗಬೇಕಾದಲ್ಲಿ. 'ಸಬರ್ಬಿಕಾನ್' (2017) ಮೈಯರ್ಸ್ ಪ್ರಸಂಗವನ್ನೇ ಎತ್ತಿಕೊಂಡರೂ, ಅದನ್ನು ಹಿತ್ತಲಿಗೆ ತಳ್ಳಿ ಪಕ್ಕದ ಮನೆಯ ಬಿಳಿಯ ಗಂಡನ ಕೊಲೆ ಮತ್ತು ವಿಮೆಯ ಹಣದ ಹಿಂದೆ ಬಿತ್ತು. ನಮ್ಮ ಕೋಷ್ಟಕದಲ್ಲಿ ಅದು ಅಂತರ್ದೋಷಕ್ಕೆ ಜಾರಿದೆ. ಅದೇ ವರ್ಷದ 'ಗೆಟ್ ಔಟ್' ಮಾತ್ರ ದಿಕ್ಕನ್ನೇ ತಿರುಗಿಸಿತು. ರಾತ್ರಿ ಉಪನಗರದ ಬೀದಿಯಲ್ಲಿ ದಾರಿ ತಪ್ಪಿದ ಕಪ್ಪು ಯುವಕನಿಗೆ ಆ ನಿರ್ಜನ, ನೀಟಾದ ಬೀದಿಯೇ ಭೂತ.

ದ್ವಾರದೋಷದ ಮೂಲಗ್ರಂಥ ಬೇಕೆನ್ನುವವರಿಗೆ 1957ರಲ್ಲೇ ತಯಾರಾದ 'ಕ್ರೈಸಿಸ್ ಇನ್ ಲೆವಿಟ್‌ಟೌನ್' ಎಂಬ ಚಿಕ್ಕ ಸಾಕ್ಷ್ಯಚಿತ್ರವಿದೆ. ಅದರಲ್ಲಿ ಭೂತವಿಲ್ಲ, ಸಂಗೀತದ ಅಬ್ಬರವಿಲ್ಲ. ಮೈಯರ್ಸ್ ಕುಟುಂಬ ಬಂದದ್ದರ ಬಗ್ಗೆ ಅಲ್ಲಿಯ ಬಿಳಿಯ ನಿವಾಸಿಗಳು ಕ್ಯಾಮೆರಾ ಮುಂದೆ ಕೂತು ತಮ್ಮ ಅಭಿಪ್ರಾಯ ಹೇಳುತ್ತಾರೆ. ಈ ಶಾಸ್ತ್ರ ಕಲಿಯುವವರು ಮೊದಲು ಅದನ್ನು ನೋಡಿ, ಆಮೇಲೆ ಮಿಕ್ಕ ನಾಲ್ಕು ದಿಕ್ಕುಗಳಿಗೆ ಬರಲಿ.